ಎರಡನೆಯ ಅಕ್ಷರದ ಹುಡುಕಾಟ

ಇಷ್ಟೇ ಉದ್ದ, ಇಂಥದೇ ಅಕ್ಷರ ಎಂಬ ಕಟ್ಟಿಗೆ ಒಪ್ಪುವ ಪದ ಹುಡುಕುವುದು ಕನ್ನಡದಲ್ಲಿ ಬಿಡುವಿನ ಆಟವಾಗುವ ಮೊದಲು ಕವಿಗಳ ಕಸುಬಾಗಿತ್ತು. ಆ ಕಸುಬಿನ ನಿಯಮಗಳನ್ನು ಮೊದಲು ಬರೆದಿಟ್ಟ ಕನ್ನಡ ಗ್ರಂಥದ ನಂಟು ಕಾಗಿಣಾ ಹೊಳೆಯ ತೀರದ ಮಳಖೇಡಕ್ಕಿದೆ. ಇಂದು ಸೇಡಂ ತಾಲ್ಲೂಕಿನ ಊರಾಗಿರುವ ಮಳಖೇಡ 9ನೆಯ ಶತಮಾನದಲ್ಲಿ ಮಾನ್ಯಖೇಟ; ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ (814–878) ರಾಜಧಾನಿ.

ಅವನ ಆಸ್ಥಾನದಲ್ಲಿ ಅಕ್ಷರಗಳ ಲೆಕ್ಕಾಚಾರ ಹಲವು ಬಗೆಯಲ್ಲಿ ನಡೆಯಿತು. ಗುರು ಜಿನಸೇನರು ಕಾಳಿದಾಸನ ಮೇಘದೂತದ ಸಾಲುಗಳನ್ನೇ ಒಂದೊಂದಾಗಿ ಹಿಡಿದು, ಉಳಿದ ಸಾಲುಗಳನ್ನು ತಾವೇ ತುಂಬಿ, ವಿರಹಿ ಯಕ್ಷನ ಮಾತಿನಲ್ಲಿ ಪಾರ್ಶ್ವನಾಥನ ಕಥೆ ಹೇಳಿಸಿದರು. ಪಾರ್ಶ್ವಾಭ್ಯುದಯವೆಂಬ ಆ ಕಾವ್ಯ ಸಮಸ್ಯಾಪೂರಣದ ದೊಡ್ಡ ಸಾಹಸ. ನೃಪತುಂಗನನ್ನು ಹೊಗಳಿ ಗ್ರಂಥ ಆರಂಭಿಸಿದ ಮಹಾವೀರಾಚಾರ್ಯ, ಗಣಿತಸಾರಸಂಗ್ರಹದಲ್ಲಿ ಹಲವು ವಸ್ತುಗಳಿಂದ ಬೇಕಾದಷ್ಟನ್ನು ಆರಿಸುವ ಬಗೆಗಳು ಎಷ್ಟು ಎಂಬುದಕ್ಕೆ ಸೂತ್ರ ಕೊಟ್ಟ. ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರನ್ನೂ ಬೆರೆಸುವವರೆಗೆ ಲೆಕ್ಕ ಹಾಕಿದರೆ ಒಟ್ಟು 63 ಬಗೆ. ಅದೇ ಗ್ರಂಥದಲ್ಲಿ ಛಂದಸ್ಸಿನ ಪ್ರಸ್ತಾರಕ್ಕೂ ಲೆಕ್ಕವಿದೆ: ಮೂರು ಅಕ್ಷರಗಳಲ್ಲಿ ಗುರು–ಲಘುಗಳ ಜೋಡಣೆ 8, ಇವೇ ಯ, ಮ, ತ, ರ ಮೊದಲಾದ ಅಕ್ಷರಗಣಗಳು. ಇಪ್ಪತ್ತು ಅಕ್ಷರಕ್ಕೆ ಬಂದರೆ 10,48,576 ವಿನ್ಯಾಸಗಳಾಗುತ್ತವೆ. ಅಷ್ಟರಲ್ಲಿ ಉತ್ಪಲಮಾಲೆ ಎಂಬ ವೃತ್ತ ಒಂದು.

ಪದ ಹುಡುಕುವ ಕೆಲಸಕ್ಕೆ ನೇರವಾಗಿ ಸೇರಿದ್ದು ಕವಿರಾಜಮಾರ್ಗ. ನೃಪತುಂಗನ ಹೆಸರಿನೊಡನೆ ಬೆಸೆದುಕೊಂಡಿರುವ, ಶ್ರೀವಿಜಯ ರಚಿಸಿದನೆಂದು ವಿದ್ವಾಂಸರು ಹೆಚ್ಚಾಗಿ ಒಪ್ಪುವ ಈ ಗ್ರಂಥ ಸುಮಾರು 850ರದು. ದಂಡಿಯ ಕಾವ್ಯಾದರ್ಶ ಇದಕ್ಕೆ ಮುಖ್ಯ ಆಧಾರ. ನಾಲ್ಕು, ಮೂರು, ಎರಡು, ಕೊನೆಗೆ ಒಂದೇ ವ್ಯಂಜನದಲ್ಲಿ ಪದ್ಯ ಕಟ್ಟುವ ಕಸರತ್ತು ದಂಡಿಯಲ್ಲಿದೆ. ಭಾರವಿಯಂತೂ ‘ನ’ಕಾರವೊಂದನ್ನೇ ಬಳಸಿ ಶ್ಲೋಕ ಬರೆದು ತೋರಿಸಿದ. ಆ ಭಾರವಿಯ ಹೆಸರು 634ರ ಐಹೊಳೆ ಶಾಸನದಲ್ಲೇ ಇದೆ. ಇಂಥ ‘ದುಷ್ಕರ’ ರಚನೆಗಳಿಗೆ ಕವಿರಾಜಮಾರ್ಗ ಎರಡನೆಯ ಪರಿಚ್ಛೇದದಲ್ಲಿ ಜಾಗ ಕೊಟ್ಟಿತು. ಆದರೆ ಕನ್ನಡಕ್ಕೆ ಅಂಟಿಕೊಂಡದ್ದು ಅವಲ್ಲ, ಪ್ರಾಸ. ಕನ್ನಡ ಕವಿಗಳು ಸಾಲಿನೊಳಗಿನ ನಿಲುಗಡೆಯಾದ ಯತಿಯನ್ನು ಮೀರಿದರೂ ಪ್ರಾಸದ ಹಿರಿಮೆಯನ್ನು ಬಿಟ್ಟುಕೊಡಲಿಲ್ಲವೆಂಬ ಸಂಗತಿಯನ್ನು ಈ ಗ್ರಂಥವೇ ದಾಖಲಿಸಿದೆ.

ಪ್ರಾಸದ ನಿಯಮ ಇದು: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು; ಅದರ ಹಿಂದಿನ ಅಕ್ಷರ ಎಲ್ಲ ಸಾಲುಗಳಲ್ಲೂ ಹ್ರಸ್ವ, ಇಲ್ಲವೇ ದೀರ್ಘವಾಗಿರಬೇಕು. ‘ಮರ’ಕ್ಕೆ ‘ಇರುಳು’ ಒಪ್ಪುತ್ತದೆ, ‘ನೀರು’ ಒಪ್ಪುವುದಿಲ್ಲ. ಸುಮಾರು 990ರ ನಾಗವರ್ಮನ ಛಂದೋಂಬುಧಿಯ ಸಂಪ್ರದಾಯ ಇದನ್ನು ಆರಾಗಿ ಒಡೆದು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಪ್ರಾಣಿಗಳ ಹೆಸರಿಟ್ಟಿತು.

ಕಂದಪದ್ಯದಲ್ಲಿ ಇಕ್ಕಟ್ಟು ಇನ್ನೂ ಹೆಚ್ಚು. ಗಣವೊಂದಕ್ಕೆ ನಾಲ್ಕು ಮಾತ್ರೆ. ಅದು ಐದು ಬಗೆಯಲ್ಲಿ ಬರಬಹುದು. ಮೊದಲಕ್ಷರ ಹ್ರಸ್ವವಾದ ಸಿಂಹಪ್ರಾಸ ಹಿಡಿದರೆ ಲಘುವಿನಿಂದ ಆರಂಭವಾಗುವ ಮೂರಷ್ಟೇ ಉಳಿಯುತ್ತವೆ. ವಿಷಮ ಸ್ಥಾನದಲ್ಲಿ ಮಧ್ಯಗುರುವಿನ ಜಗಣ ನಿಷಿದ್ಧವಾದ್ದರಿಂದ, ಪದ್ಯದ ಮೊದಲ ಗಣಕ್ಕೆ ದಕ್ಕುವುದು ಎರಡೇ: ‘ಇರುಳಿನ’ ಎಂಬಂಥ ನಾಲ್ಕು ಲಘು, ಇಲ್ಲವೇ ‘ಇರುಳೊಳ್’ ಎಂಬಂಥ ಎರಡು ಲಘು, ಒಂದು ಗುರು. ಷಟ್ಪದಿಯಲ್ಲಾದರೆ ಪ್ರಾಸಕ್ಕೆ ಸಿಗುವ ಪದ ಆರು ಬೇಕು. ಕುಮಾರವ್ಯಾಸ ಒಂದು ಮಹಾಕಾವ್ಯದ ಉದ್ದಕ್ಕೂ ಹಾಗೆ ಪದ ಒದಗಿಸಿದನೆಂಬುದು ಈ ಲೆಕ್ಕ ನೋಡಿದಾಗ ಬೆರಗಿನ ಮಾತೇ.

ಹಳೆಯ ನಿಘಂಟುಗಳು ಅರ್ಥದ ಪ್ರಕಾರ ಇದ್ದದ್ದು ಈ ಕೆಲಸಕ್ಕೆ ಅನುಕೂಲವಾಯಿತು. ಭೂಮಿ ಎಂಬ ಅರ್ಥ ಕವಿಯ ಕೈಯಲ್ಲಿದೆ. ಪ್ರಾಸ ‘ರ’ ಆದರೆ ಧರೆ, ‘ಲ’ ಆದರೆ ನೆಲ, ‘ಳ’ ಆದರೆ ಇಳೆ, ‘ಡ’ ಆದರೆ ಪೊಡವಿ. ಅಮರಕೋಶವನ್ನೋ 1398ರ ಅಭಿನವ ಮಂಗರಾಜನ ನಿಘಂಟನ್ನೋ ಬಾಯಿಪಾಠ ಮಾಡಿದವನಿಗೆ ಇವೆಲ್ಲ ಒಂದೇ ಕಡೆ ಸಿಗುತ್ತಿದ್ದವು. 1894ರ ಕಿಟ್ಟೆಲ್ ಕೋಶ ಅಕಾರಾದಿಯಲ್ಲಿದೆ. ಎರಡನೆಯ ಅಕ್ಷರ ಹಿಡಿದು ಹೊರಟವನಿಗೆ ಅದರ ಉಪಯೋಗ ಕಡಿಮೆ. ಪ್ರಾಸಕ್ಕಾಗಿ ತುರುಕಿದ ದಂಡಪದಗಳೂ ಕಾವ್ಯಗಳಲ್ಲಿ ಬೇಕಾದಷ್ಟಿವೆ. ಆದರೂ ಒಂದೇ ಅರ್ಥದ ಇಷ್ಟು ಮಾತುಗಳು ಬಳಕೆಯಲ್ಲಿ ಉಳಿದದ್ದರಲ್ಲಿ ಪ್ರಾಸದ ಪಾಲು ಸಣ್ಣದಲ್ಲ.

12ನೆಯ ಶತಮಾನದ ವಚನಕಾರರು ಈ ಕಟ್ಟಿನ ಗೋಜಿಗೇ ಹೋಗಲಿಲ್ಲ. ಪದ್ಯದ ಒಳಗೇ ಅದನ್ನು ಮುರಿದವರು ಮಂಜೇಶ್ವರದ ಎಂ. ಗೋವಿಂದ ಪೈ. 1911ರಲ್ಲಿ ಅವರು ಪ್ರಾಸ ತ್ಯಜಿಸಿದಾಗ ಪಂಡಿತ ವಲಯದಲ್ಲಿ ವಿರೋಧ ಎದ್ದಿತು. ಹೊಸ ಕಾವ್ಯ ಮಾತ್ರ ಅವರ ದಾರಿಯನ್ನೇ ಹಿಡಿಯಿತು.

ಕವಿಗಳು ಬಿಟ್ಟ ಕೆಲಸ ಪತ್ರಿಕೆಯ ಓದುಗರಿಗೆ ಬಂದದ್ದು ಪದಬಂಧವಾಗಿ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಆಟದ ಮನೆಗಳಲ್ಲಿ ಒಂದೊಂದು ರೋಮನ್ ಅಕ್ಷರ ಕೂರುತ್ತಿತ್ತು. ಕನ್ನಡದಲ್ಲಿ ಚೌಕಕ್ಕೆ ಒಂದು ಪೂರ್ಣ ಅಕ್ಷರ: ‘ಸ್ತ್ರೀ’ಗೆ ಒಂದೇ ಚೌಕ, ‘ಕಲ್ಲು’ವಿಗೆ ಎರಡು. ಪ್ರಾಸ ವ್ಯಂಜನವನ್ನಷ್ಟೇ ಕಟ್ಟಿ ಸ್ವರವನ್ನು ಸಡಿಲ ಬಿಟ್ಟಿತ್ತು. ಕಲ್ಲು, ಬಲ್ಲ, ಮೆಲ್ಲನೆ, ಚೆಲ್ಲಿ ಎಲ್ಲವೂ ಒಂದೇ ವ್ಯಂಜನದ ಒತ್ತು ಬರುವ ಹಯಪ್ರಾಸಕ್ಕೆ ಸಲ್ಲುತ್ತವೆ. ಪದಬಂಧ ಸ್ವರವನ್ನೂ ಕಟ್ಟುತ್ತದೆ. ಅಡ್ಡ ಸಾಲಿನಲ್ಲಿ ‘ಲ್ಲು’ ಬಿದ್ದ ಮೇಲೆ ಮೇಲಿನಿಂದ ಇಳಿಯುವ ಪದವೂ ಅಲ್ಲಿ ‘ಲ್ಲು’ವನ್ನೇ ಹೊಂದಿರಬೇಕು: ಬಿಲ್ಲು, ಹುಲ್ಲು, ಸೊಲ್ಲು ನಡೆಯುತ್ತವೆ, ಮೆಲ್ಲನೆ ನಡೆಯದು. ಒತ್ತಕ್ಷರ ಬಂದಷ್ಟೂ ರಚಿಸುವವರ ದಾರಿ ಕಿರಿದು. ಅದಕ್ಕೇ ಕನ್ನಡ ಪದಬಂಧಗಳಲ್ಲಿ ಅಡ್ಡ–ಉದ್ದ ಪದಗಳು ಕೂಡುವ ಚೌಕಕ್ಕೆ ಒತ್ತಿಲ್ಲದ ಸಾದಾ ಅಕ್ಷರವೇ ಅನುಕೂಲ.