ಯೂರೋಪಿನಲ್ಲಿ ಒಡೆದ ಚರ್ಚ್, ಕನ್ನಡ ನಾಡಿನಲ್ಲಿ ಕೂಡಿದ್ದು ಹೇಗೆ?

ಜಗಳೂರು: ಇಂಗ್ಲೆಂಡ್, ಅಮೆರಿಕಗಳ ಚರ್ಚ್ ಒಡಕಿಗೂ ಜಗಳೂರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ, 1997ರವರೆಗೆ ಚಿತ್ರದುರ್ಗಕ್ಕೆ ಸೇರಿದ್ದ ಈ ತಾಲೂಕು ಬ್ರಿಟಿಷರ ಕಾಲದಲ್ಲಿ ಮೈಸೂರು ಸಂಸ್ಥಾನದ ಅಂಚು. ಪಕ್ಕದ ಕೂಡ್ಲಿಗಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಸ್ಥೂಲವಾಗಿ ಹೇಳುವುದಾದರೆ, ಆಚೆಗಿನ ಬಳ್ಳಾರಿ ಲಂಡನ್ ಮಿಷನ್ನಿನ ಕಾರ್ಯಕ್ಷೇತ್ರ; ಈಚೆಗಿನ ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ನೇ ಪ್ರಬಲ.

ಎರಡೂ 18ನೆಯ ಶತಮಾನದ ಇಂಗ್ಲೆಂಡಿನ ಧಾರ್ಮಿಕ ಜಾಗೃತಿಯ ಫಲ. ಆಂಗ್ಲಿಕನ್ ಪಾದ್ರಿಯಾಗಿಯೇ ಉಳಿದಿದ್ದ ಜಾನ್ ವೆಸ್ಲಿ 1791ರಲ್ಲಿ ತೀರಿಕೊಂಡ ಬಳಿಕ ಅವರ ಅನುಯಾಯಿಗಳು ಪ್ರತ್ಯೇಕ ಮೆಥಡಿಸ್ಟ್ ಚರ್ಚ್ ಆದರು. 1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನರಿ ಸೊಸೈಟಿಗೆ ಕಾಂಗ್ರಿಗೇಷನಲ್ ಪಂಗಡದವರೇ ಬೆನ್ನೆಲುಬು. ಸ್ಥಳೀಯ ಸಭೆಯೇ ತನ್ನ ಆಡಳಿತ ನಡೆಸಬೇಕು ಎಂಬುದು ಇವರ ವಾದ. ಪಾದ್ರಿಯನ್ನು ಕೇಂದ್ರ ಸಮ್ಮೇಳನವೇ ನೇಮಿಸಬೇಕು ಎಂಬುದು ಮೆಥಡಿಸ್ಟರ ಕ್ರಮ. ಬಿಷಪ್ಪರಿಲ್ಲದೆ ಚರ್ಚೇ ಅಪೂರ್ಣ ಎಂದು ಆಂಗ್ಲಿಕನ್ನರಲ್ಲಿ ಹಲವರು ನಂಬಿದ್ದರು. ಕನ್ನಡಿಗ ಕ್ರೈಸ್ತರು ಈ ಜಗಳದಲ್ಲಿ ಪಕ್ಷಗಾರರೇ ಅಲ್ಲ. ಊರು ಯಾರ ಕ್ಷೇತ್ರಕ್ಕೆ ಬಿತ್ತೋ ಆ ಪಂಗಡಕ್ಕೆ ಅವರು ಸೇರಿದರು, ಅಷ್ಟೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ತೊಡಗಿದರು. ಕಂಪನಿ ಸರಕಾರಕ್ಕೆ ಆಗ ಮಿಷನರಿಗಳೆಂದರೆ ಸಂಶಯ. 1813ರ ಚಾರ್ಟರ್ ಕಾಯಿದೆ ಬ್ರಿಟಿಷ್ ಮಿಷನರಿಗಳಿಗೂ, 1833ರ ಕಾಯಿದೆ ಇತರ ಯೂರೋಪಿಯನ್ನರಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಮೊದಲ ಕನ್ನಡ ಪತ್ರಿಕೆ, ಕಿಟೆಲ್ ನಿಘಂಟು, ಹೆಂಚಿನ ಕಾರ್ಖಾನೆಗಳ ಕಥೆ ಎಲ್ಲರಿಗೂ ತಿಳಿದದ್ದೇ. ಮೊದಲ ಮಹಾಯುದ್ಧ ಬಂದಾಗ ಆ ಮಿಷನ್ನಿನ ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರುಗಳಾದರು, ಬಂಧನಕ್ಕೊಳಗಾದರು. ಅತ್ತ ಅಮೆರಿಕದ ಮೆಥಡಿಸ್ಟರು ಗುಲಾಮಗಿರಿಯ ಪ್ರಶ್ನೆಯಲ್ಲಿ 1844ರಲ್ಲಿ ಇಬ್ಭಾಗವಾಗಿ, 1939ರಲ್ಲಷ್ಟೇ ಒಂದಾದರು. ಬೀದರ, ಕೋಲಾರ ಭಾಗಗಳಿಗೆ ಬಂದದ್ದು ಅವರಲ್ಲಿ ಉತ್ತರದ ಬಣ.

ಈ ಆಮದು ಗೋಡೆಗಳನ್ನು ಕೆಡವುವ ಮಾತುಕತೆ ಇಲ್ಲಿ ದಶಕಗಳ ಕಾಲ ನಡೆಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಮೂಲದ ಸಭೆಗಳು ಸೇರಿ ದಕ್ಷಿಣ ಭಾರತ ಚರ್ಚ್ ಆಯಿತು. ಬಿಷಪ್ ಪದವಿಯನ್ನು ಎಲ್ಲರೂ ಒಪ್ಪಿದರು. ಬಿಷಪ್ಪರಿಂದ ದೀಕ್ಷೆ ಪಡೆಯದ ಹಳೆಯ ಪಾದ್ರಿಗಳನ್ನೂ ಹಾಗೆಯೇ ಒಪ್ಪಿಕೊಳ್ಳಲಾಯಿತು. ಗೊಂದಲ ತಿಳಿಗೊಳ್ಳಲು 30 ವರ್ಷಗಳ ಅವಧಿ. ಈ ಎರಡನೆಯ ಅಂಶವೇ ಇಂಗ್ಲೆಂಡಿನ ಅನೇಕ ಆಂಗ್ಲಿಕನ್ನರಿಗೆ ನುಂಗಲಾಗದ ತುತ್ತಾಯಿತು.

ಹಾಗೆಂದು ಇಲ್ಲಿ ಎಲ್ಲರೂ ಕೂಡಿದರೆಂದಲ್ಲ. ಕರ್ನಾಟಕದ ಬಾಸೆಲ್ ಸಭೆಗಳು ತಡವಾಗಿ ಸೇರಿದವು. ಅಮೆರಿಕನ್ ಮೆಥಡಿಸ್ಟರು ಹೊರಗುಳಿದು, 1981ರಲ್ಲಿ ಭಾರತದ ಮೆಥಡಿಸ್ಟ್ ಚರ್ಚ್ ಎಂಬ ಸ್ವತಂತ್ರ ಸಂಸ್ಥೆಯಾದರು. ರೋಮನ್ ಕ್ಯಾಥೊಲಿಕರದು ಬೇರೆಯದೇ ಇತಿಹಾಸ. ಒಂದಾದ ಚರ್ಚ್‌ನ ಮೈಸೂರು ಧರ್ಮಪ್ರಾಂತ್ಯವನ್ನು 1970ರಲ್ಲಿ ಮೂರಾಗಿ ವಿಂಗಡಿಸಲಾಯಿತು. ಆದರೆ ಅದು ಭೂಗೋಳದ ವಿಂಗಡಣೆ, ಪಂಗಡದ್ದಲ್ಲ.

ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಚರ್ಚ್‌ಗಳನ್ನು ಕೂಡಿಸುವ ಯೋಜನೆ 1969ರಲ್ಲಿ ಬಿದ್ದುಹೋಯಿತು. 1972ರಲ್ಲಿ ಮತ್ತೆ ಮತಕ್ಕೆ ಹಾಕಿದಾಗಲೂ ಆಂಗ್ಲಿಕನ್ ಮಹಾಸಭೆಯಲ್ಲಿ ಸಾಕಷ್ಟು ಬೆಂಬಲ ದೊರೆಯಲಿಲ್ಲ.