ಮಾತಿಲ್ಲದ ಹಾಡು: ಮೆಟ್ನರ್ ಮತ್ತು ಮೈಸೂರು ಮಹಾರಾಜರು

ಮುರುಮ: ನಮ್ಮ ಭಜನೆಗಳಲ್ಲಿ ಪೇಟಿ ಹಾಡುವವರ ಹಿಂದೆ ಹೋಗುತ್ತದೆ. ಹಾಡುವವರೇ ಇಲ್ಲದೆ ಒಂದೇ ಪಿಯಾನೋ ಮನಸ್ಸಿನ ಮಾತು ಹೇಳುವ ಪದ್ಧತಿ 19ನೇ ಶತಮಾನದಲ್ಲಿ ಯುರೋಪಿನಲ್ಲಿ ಬೆಳೆಯಿತು. ಈ ಪರಂಪರೆಯ ಒಬ್ಬ ದೊಡ್ಡ ರಚನಕಾರರಿಗೆ ಕಷ್ಟಕಾಲದಲ್ಲಿ ಆಸರೆಯಾದವರು ಕನ್ನಡ ನಾಡಿನ ಅರಸರು.

ಏನಿದು ಪ್ರಕಾರ?

ಪೇಟಿಯ ಸ್ವರ ಗಾಳಿಯಿಂದ ಹೊರಡುತ್ತದೆ. ಪಿಯಾನೋದ ಪಟ್ಟಿ ಒತ್ತಿದರೆ ಒಳಗಿನ ಚಿಕ್ಕ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬೆರಳು ಹಗುರಾದರೆ ಸ್ವರ ಮೆಲ್ಲಗೆ, ಬಿಗಿಯಾದರೆ ಜೋರು. ಕಾಲಿನಿಂದ ಪೆಡಲ್ ಒತ್ತಿದರೆ ಸ್ವರ ಬೇಗ ಅಳಿಯುವುದಿಲ್ಲ. ಹೆಚ್ಚಾಗಿ ಬಲಗೈ ಹಾಡುತ್ತದೆ, ಎಡಗೈ ಜೊತೆ ಕೊಡುತ್ತದೆ. ಐರ್ಲೆಂಡಿನ ಜಾನ್ ಫೀಲ್ಡ್ ಆರಂಭಿಸಿದ 'ನಾಕ್ಟರ್ನ್' ಎಂಬ ರಾತ್ರಿಯ ಭಾವದ ರಚನೆಯನ್ನು ಪೋಲೆಂಡಿನ ಶೋಪಾನ್ ಎತ್ತರಕ್ಕೆ ಒಯ್ದರು. ಜರ್ಮನಿಯ ಮೆಂಡೆಲ್ಸನ್ ತಮ್ಮ ರಚನೆಗಳನ್ನು 'ಮಾತಿಲ್ಲದ ಹಾಡುಗಳು' ಎಂದೇ ಕರೆದರು.

ಕಥೆ ಹೇಳುವ ಪಿಯಾನೋ

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ನಿಕೊಲಾಯ್ ಮೆಟ್ನರ್ ಇದೇ ದಾರಿ ಹಿಡಿದರು. ಅವರ ಹೆಸರಾಂತ ಚಿಕ್ಕ ರಚನೆಗಳು 'ಸ್ಕಾಜ್ಕಿ'. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಅಜ್ಜಿ ಹೇಳುವಂಥ ಜನಪದ ಕಥೆಗಳು. 1921ರಲ್ಲಿ ದೇಶ ಬಿಟ್ಟ ಅವರು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಅಷ್ಟರಲ್ಲಿ ಅವರ ಸಂಗೀತ ಹಳೆಯ ಕಾಲದ್ದೆನಿಸಿತ್ತು. ಎರಡನೇ ಮಹಾಯುದ್ಧ ಬಂದು ಜರ್ಮನಿಯ ಪ್ರಕಾಶಕರ ಹಣವೂ ನಿಂತಿತು, ಹೃದಯರೋಗ ಕಾಡಿತು.

ಮೈಸೂರಿನ ನೆರವು

ಜಯಚಾಮರಾಜೇಂದ್ರ ಒಡೆಯರ್ (1919-1974) ಪಿಯಾನೋ ಕಲಿತವರು, ವಾದಕರಾಗುವ ಆಸೆಯಿದ್ದವರು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ನೇ ವಯಸ್ಸಿಗೇ ಪಟ್ಟದ ಹೊಣೆ ಬಂತು, ಆ ಆಸೆ ಹಿಂದುಳಿಯಿತು. ಆದರೆ ಅವರ ಧನಸಹಾಯದಿಂದ ಲಂಡನ್ನಿನಲ್ಲಿ 'ಮೆಟ್ನರ್ ಸೊಸೈಟಿ' ಹುಟ್ಟಿತು. ನಮ್ಮ ಉಮರ್ಗಾ ಭಾಗ ಇನ್ನೂ ನಿಜಾಮರ ಆಡಳಿತದಲ್ಲಿದ್ದ 1947ರಲ್ಲಿ, ಮುದಿ ಮೆಟ್ನರ್ ಎಚ್‌ಎಂವಿ ಕಂಪನಿಗಾಗಿ ತಮ್ಮ ರಚನೆಗಳನ್ನು ತಾವೇ ನುಡಿಸಿ ರೆಕಾರ್ಡ್ ಮಾಡತೊಡಗಿದರು. ವಾದ್ಯವೃಂದದೊಂದಿಗೆ ನುಡಿಸುವ ತಮ್ಮ ಮೂರನೇ ಕನ್ಚೆರ್ಟೊವನ್ನು ಅವರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು. ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಆ ಬೆರಳುಗಳ ಇಷ್ಟೊಂದು ಸಂಗೀತ ಇಂದು ನಮಗೆ ಸಿಗುತ್ತಿರಲಿಲ್ಲ.

ಪಾಶ್ಚಾತ್ಯ ಸಂಗೀತ ಪ್ರೀತಿಸಿದ ಇದೇ ಮಹಾರಾಜರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನೂ ರಚಿಸಿದ್ದು ಗಮನಾರ್ಹ.

ಮೆಟ್ನರ್ ನುಡಿಸಿದ ಸ್ಕಾಜ್ಕಿಗಳು ಇಂದು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಹಲವು ನಾಲ್ಕೈದು ನಿಮಿಷಕ್ಕಿಂತ ದೊಡ್ಡವಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಆಡುವ ನಮಗೆ ಈ ಕಥೆ ಕೇಳಲು ಎರಡೂ ಬೇಕಿಲ್ಲ. ರಾತ್ರಿ ಊಟವಾದ ಮೇಲೆ ಒಮ್ಮೆ ಹಚ್ಚಿ ಕೇಳಿರಿ.