ಕಾಣದ ಅಣುವಿಗೆ ಎಣಿಕೆಯ ಸಾಕ್ಷ್ಯ

ಅವೇ ಪರಮಾಣುಗಳು ಅದೇ ಕ್ರಮದಲ್ಲಿ ಸೇರಿದ್ದರೂ, ಅವು ನಿಂತ ದಿಕ್ಕು ಬೇರೆಯಾದರೆ ಪದಾರ್ಥವೂ ಬೇರೆಯಾಗಬಹುದು. ಇಂತಹ ಪದಾರ್ಥಗಳನ್ನು ರಸಾಯನಶಾಸ್ತ್ರಜ್ಞರು ಸ್ಟೀರಿಯೊಐಸೊಮರುಗಳೆಂದು ಕರೆಯುವರು. ಅಣುವನ್ನು ಕಾಣುವ ಸಾಧನವೇ ಇಲ್ಲದಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಆಕಾರವು ನಿರ್ಣಯವಾದುದು ಹೇಗೆ? ಮುಖ್ಯವಾಗಿ ಎಣಿಕೆಯಿಂದ. ಕಲ್ಪನೆಯ ಪ್ರಕಾರ ಇರಬೇಕಾದ ರೂಪಗಳೆಷ್ಟು, ಪ್ರಯೋಗಶಾಲೆಯಲ್ಲಿ ದೊರೆತ ರೂಪಗಳೆಷ್ಟು ಎಂಬ ಎರಡು ಸಂಖ್ಯೆಗಳ ಹೋಲಿಕೆಯೇ ಅಲ್ಲಿ ಪ್ರಮಾಣವಾಯಿತು.

1848ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಸ್ತರನು ರೇಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣದ ಹರಳುಗಳನ್ನು ಪರೀಕ್ಷಿಸಿ, ಅವು ಎಡಗೈ ಬಲಗೈಗಳಂತೆ ಎರಡು ಬಗೆಯಾಗಿರುವುದನ್ನು ಕಂಡನು. ಅವನ್ನು ಕೈಯಿಂದಲೇ ಆರಿಸಿ ನೀರಿನಲ್ಲಿ ಕರಗಿಸಲು, ಒಂದು ದ್ರಾವಣವು ಧ್ರುವೀಕೃತ ಬೆಳಕನ್ನು ಬಲಕ್ಕೂ ಮತ್ತೊಂದು ಎಡಕ್ಕೂ ತಿರುಗಿಸಿದುವು. ಟಾರ್ಟಾರಿಕ್ ಆಮ್ಲದ ಎರಡು ರೂಪಗಳು ಹೀಗೆ ಬೇರೆಯಾದುವು. 1853ರಲ್ಲಿ ಬೆಳಕನ್ನು ಯಾವ ಕಡೆಗೂ ತಿರುಗಿಸದ, ಎರಡಾಗಿ ಬೇರ್ಪಡಿಸಲೂ ಬಾರದ ಮೂರನೆಯ ರೂಪವನ್ನು ಅವನೇ ಪಡೆದನು. ರೂಪಗಳು ಮೂರೇ ಏಕೆಂಬ ಪ್ರಶ್ನೆಯು ಉಳಿಯಿತು.

1874ರಲ್ಲಿ ಇಪ್ಪತ್ತೆರಡು ವಯಸ್ಸಿನ ಡಚ್ ತರುಣನಾದ ವಾಂಟ್ ಹೋಫನು ಒಂದು ಕಿರುಹೊತ್ತಗೆಯಲ್ಲಿ ಇದಕ್ಕೆ ದಾರಿ ತೋರಿದನು. ಇಂಗಾಲದ ನಾಲ್ಕು ಬಂಧಗಳು ಸಮತಲದಲ್ಲಿ ಚೌಕವಾಗಿದ್ದರೆ, ಮೀಥೇನಿನ ಎರಡು ಜಲಜನಕಗಳ ಸ್ಥಾನದಲ್ಲಿ ಎರಡು ಕ್ಲೋರೀನುಗಳು ಬಂದಾಗ, ಅವು ಒಂದರ ಪಕ್ಕದಲ್ಲೊಂದು ಅಥವಾ ಒಂದಕ್ಕೊಂದು ಎದುರಾಗಿ ನಿಂತು ಎರಡು ಪದಾರ್ಥಗಳಾಗಬೇಕು. ದೊರೆತುದು ಒಂದೇ. ಬಂಧಗಳು ಚತುಷ್ಫಲಕದ ನಾಲ್ಕು ಮೂಲೆಗಳ ಕಡೆಗೆ ಚಾಚಿದ್ದರೆ ಒಂದೇ ಆಗಬೇಕು. ನಾಲ್ಕು ಮೂಲೆಗಳಲ್ಲಿಯೂ ಬೇರೆ ಬೇರೆ ಗುಂಪುಗಳಿದ್ದರೆ ಮಾತ್ರ ಬಿಂಬ ಪ್ರತಿಬಿಂಬಗಳೆಂಬ ಎರಡು ರೂಪಗಳಾಗಬೇಕು. ಅಂತಹ ಇಂಗಾಲವೇ ಅಸಮ ಇಂಗಾಲ. ಅದೇ ವರ್ಷ ಫ್ರಾನ್ಸಿನ ಲ ಬೆಲನೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದನು. 1877ರಲ್ಲಿ ಜರ್ಮನಿಯ ಪ್ರಸಿದ್ಧ ಪಂಡಿತ ಕೋಲ್ಬೆಯು ಇದನ್ನು ಬರಿಯ ಭ್ರಾಂತಿಯೆಂದು ಕಟುವಾಗಿ ಹಳಿದನು. ಆ ನಿಂದೆಗೆ ಉತ್ತರ ಕೊಡಬೇಕಾದುದು ಸಂಖ್ಯೆಗಳೇ.

ಈ ಎಣಿಕೆಯು ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಅಪರಿಚಿತವಲ್ಲ. ಪ್ರತಿ ಅಕ್ಷರವೂ ಲಘು ಅಥವಾ ಗುರು ಆಗಬಹುದಾದುದರಿಂದ ಎರಡಕ್ಷರದ ಪ್ರಸ್ತಾರದಲ್ಲಿ 4, ಮೂರಕ್ಷರದಲ್ಲಿ 8, ನಾಲ್ಕರಲ್ಲಿ 16 ಭೇದಗಳಾಗುವಂತೆ, ತೆರೆದ ಸರಪಣಿಯ ಅಣುವಿನಲ್ಲಿ ಒಂದೊಂದು ಅಸಮ ಇಂಗಾಲವೂ ರೂಪಗಳ ಸಂಖ್ಯೆಯನ್ನು ಇಮ್ಮಡಿಸುವುದು. ಆದರೆ ಟಾರ್ಟಾರಿಕ್ ಆಮ್ಲದ ಎರಡು ತುದಿಗಳೂ ಒಂದೇ ಬಗೆಯವು. ಅದನ್ನು ಯಾವ ತುದಿಯಿಂದಲಾದರೂ ಓದಬಹುದು. ಆಗ ಲಘು-ಗುರು, ಗುರು-ಲಘು ಎಂಬೆರಡು ಭೇದಗಳು ಒಂದೇ ಆಗಿ, ನಾಲ್ಕು ಹೋಗಿ ಮೂರು ಉಳಿಯುವುವು. ಪಾಸ್ತರನು ಕಂಡುದೂ ಮೂರೇ.

ಇದಕ್ಕಿಂತ ದೊಡ್ಡ ಪರೀಕ್ಷೆಯು ಸಕ್ಕರೆಗಳಲ್ಲಿ ನಡೆಯಿತು. ಗ್ಲೂಕೋಸಿನ ಸರಪಣಿಯಲ್ಲಿ ಅಸಮ ಇಂಗಾಲಗಳು ನಾಲ್ಕು. ತುದಿಗಳು ಭಿನ್ನವಾದುದರಿಂದ ಈ ವರ್ಗದಲ್ಲಿ 16 ಸಕ್ಕರೆಗಳಿರಬೇಕು. ಎರಡು ತುದಿಗಳನ್ನೂ ಆಮ್ಲವಾಗಿ ಮಾರ್ಪಡಿಸಿದರೆ 16 ರೂಪಗಳು 10ಕ್ಕೆ ಇಳಿಯುವುವು. ಅವುಗಳಲ್ಲಿ 2 ಮಾತ್ರ ಬೆಳಕನ್ನು ತಿರುಗಿಸಲಾರವು. 1891ರಲ್ಲಿ ಎಮಿಲ್ ಫಿಷರನು ಈ ಇಳಿತವನ್ನೇ ಸಾಧನವಾಗಿ ಮಾಡಿಕೊಂಡನು. ಗ್ಲೂಕೋಸಿನ ಆಮ್ಲವು ಬೆಳಕನ್ನು ತಿರುಗಿಸಿತು. ಅದೇ ಆಮ್ಲವು ಗುಲೋಸ್ ಎಂಬ ಮತ್ತೊಂದು ಸಕ್ಕರೆಯಿಂದಲೂ ದೊರೆಯಿತು. ಇಂತಹ ಒಂದೊಂದು ಸಂಗತಿಯೂ ಕೆಲವು ರೂಪಗಳನ್ನು ತಳ್ಳಿಹಾಕುತ್ತ ಬಂದು, ಕೊನೆಗೆ ಗ್ಲೂಕೋಸಿಗೆ ಒಂದೇ ವಿನ್ಯಾಸವನ್ನು, ಅದರ ಪ್ರತಿಬಿಂಬದೊಡನೆ, ಉಳಿಸಿದುವು.

ಬಳೆಯಂತೆ ಮುಚ್ಚಿಕೊಂಡ ಅಣುಗಳಲ್ಲಿ ತುದಿಯೇ ಇಲ್ಲದುದರಿಂದ ಲೆಕ್ಕವು ಇನ್ನೂ ಸೂಕ್ಷ್ಮವಾಗುವುದು. ಇನೊಸಿಟಾಲಿನ ಬಳೆಯಲ್ಲಿ ಆರು ಇಂಗಾಲಗಳಿವೆ. ಒಂದೊಂದರ ಹೈಡ್ರಾಕ್ಸಿಲ್ ಗುಂಪೂ ಬಳೆಯ ಮೇಲಕ್ಕೋ ಕೆಳಕ್ಕೋ ಇರಬಹುದು. ಆರಕ್ಷರದ ಪ್ರಸ್ತಾರದಂತೆ 64 ಭೇದಗಳಾದುವು. ಆದರೆ ಬಳೆಯನ್ನು ಯಾವ ಎಡೆಯಿಂದಲಾದರೂ ಓದಬಹುದು, ಮಗುಚಿಯೂ ಓದಬಹುದು. ಹೀಗೆ ತಿರುಗಿಸಿದಾಗ ಒಂದಾಗುವುವನ್ನು ಒಂದೆಂದೇ ಎಣಿಸಿದರೆ ಉಳಿಯುವುದು 9: ಬಿಂಬ ಪ್ರತಿಬಿಂಬಗಳ ಒಂದು ಜೋಡಿ, ತಮ್ಮ ಪ್ರತಿಬಿಂಬವೇ ತಾವಾಗಿರುವ ಏಳು. ಪ್ರಕೃತಿಯಿಂದಲೂ ಕೃತಕ ಸಂಯೋಗದಿಂದಲೂ ಆ ಒಂಬತ್ತೂ ದೊರೆತಿವೆ. ಇಂತಹ ಎಣಿಕೆಗೆ 1937ರಲ್ಲಿ ಜಾರ್ಜ್ ಪೋಲ್ಯನು ಸಾಮಾನ್ಯವಾದ ಗಣಿತಸೂತ್ರವನ್ನು ರಚಿಸಿದನು.

ಎಣಿಕೆಗೂ ಒಂದು ಮಿತಿಯುಂಟು. ಪ್ರತಿಬಿಂಬಗಳು ಎರಡೆಂದು ಅದು ಹೇಳಬಲ್ಲುದು. ಕೈಯಲ್ಲಿರುವ ಪದಾರ್ಥವು ಅವುಗಳಲ್ಲಿ ಯಾವುದೆಂದು ಹೇಳಲಾರದು. ಫಿಷರನು ಒಂದನ್ನು ಊಹೆಯಿಂದಲೇ ಆರಿಸಿಕೊಂಡಿದ್ದನು. 1951ರಲ್ಲಿ ಬೈಫೂಟ್ ಮತ್ತು ಅವನ ಸಂಗಡಿಗರು ಎಕ್ಸ್ ಕಿರಣಗಳಿಂದ ಸೋಡಿಯಂ ರುಬಿಡಿಯಂ ಟಾರ್ಟ್ರೇಟಿನ ಹರಳನ್ನು ಪರೀಕ್ಷಿಸಿ ಆ ಊಹೆಯು ಸರಿಯೆಂದು ತೋರಿಸಿದರು. ಪಾಸ್ತರನ ಕೈಯಲ್ಲಿ ಪ್ರಶ್ನೆಯಾಗಿ ಹುಟ್ಟಿದ ಟಾರ್ಟಾರಿಕ್ ಆಮ್ಲವೇ ನೂರಮೂರು ವರ್ಷಗಳ ಮೇಲೆ, ಎಣಿಕೆಯು ನಿಂತ ಎಡೆಯಲ್ಲಿ, ಉತ್ತರವನ್ನೂ ಕೊಟ್ಟಿತು.